ಇ-ರೀಡರೋ ಅಚ್ಚಿನ ಪುಸ್ತಕವೋ: ಯಾವ ಓದಿಗೆ ಯಾವುದು ಒಗ್ಗುತ್ತದೆ?

ಪುಟತಿರುವಿ:
ಇ-ರೀಡರ್ ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು ಖಚಿತ ಮಾಹಿತಿ ಬೇಕಾಗಿದೆ. ಓದು ಮೂರು ಬಗೆಯದು. ಒಂದು, ಕಥೆ-ಕಾದಂಬರಿ. ಎರಡು, ಕೋಷ್ಟಕ, ನಕ್ಷೆ, ಅಡಿಟಿಪ್ಪಣಿ ತುಂಬಿದ ಅಧ್ಯಯನ ಗ್ರಂಥಗಳು. ಮೂರು, ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು. ಕಾಗದದ ಪರಿಮಳ, ಜೇಬಿನೊಳಗಿನ ಗ್ರಂಥಾಲಯ ಇವೆರಡನ್ನೂ ಬಿಟ್ಟು ಹೇಳಿ, ಅವು ಎಲ್ಲರಿಗೂ ಗೊತ್ತು. ಪರದೆ ನಿಜಕ್ಕೂ ಕಣ್ಣಿಗೆ ಹಗುರವೇ? ಎಷ್ಟು ಇಂಚಿನದು ಬೇಕು? ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ? ಓದಿದ್ದು ನೆನಪಿನಲ್ಲಿ ಉಳಿಯುವುದರಲ್ಲಿ ವ್ಯತ್ಯಾಸ ಇದೆಯೇ? ಹದಿನೈದು ವರ್ಷ ಕಳೆದ ಮೇಲೆ ಕೈಯಲ್ಲಿ ಉಳಿಯುವುದು ಯಾವುದು?

ಶಾಯಿಕಣ:
ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. ಇ-ರೀಡರ್‌ನಲ್ಲಿ ಇರುವ ಇ-ಇಂಕ್ ಪರದೆಯೊಳಗೆ ಕೂದಲೆಳೆಯಷ್ಟು ಅಗಲದ ಲಕ್ಷಾಂತರ ಗುಳಿಗೆಗಳಿವೆ. ಪ್ರತಿ ಗುಳಿಗೆಯಲ್ಲಿ ತಿಳಿಯಾದ ದ್ರವ, ಅದರಲ್ಲಿ ತೇಲುವ ಬಿಳಿ ಮತ್ತು ಕಪ್ಪು ಕಣಗಳು. ಎರಡೂ ಬಣ್ಣದ ಕಣಗಳ ವಿದ್ಯುದಾವೇಶ ಒಂದಕ್ಕೊಂದು ವಿರುದ್ಧ. ಕೆಳಗಿನಿಂದ ವೋಲ್ಟೇಜ್ ಕೊಟ್ಟರೆ ಒಂದು ಬಣ್ಣ ಮೇಲೇರುತ್ತದೆ, ಇನ್ನೊಂದು ಕೆಳಗಿಳಿಯುತ್ತದೆ. ವೋಲ್ಟೇಜ್ ತೆಗೆದ ಮೇಲೂ ಕಣಗಳು ಇದ್ದಲ್ಲೇ ನಿಲ್ಲುತ್ತವೆ. ಹಾಗಾಗಿ ಪುಟ ತೋರಿಸಿಕೊಂಡು ಸುಮ್ಮನಿರಲು ಪರದೆಗೆ ವಿದ್ಯುತ್ ಬೇಡ, ಪುಟ ಬದಲಿಸುವಾಗ ಮಾತ್ರ ಬೇಕು. ಕಣ್ಣಿಗೆ ಬರುವುದು ಸುತ್ತಲಿನ ಬೆಳಕು ಆ ಕಣಗಳಿಗೆ ಬಡಿದು ಹಿಂದಿರುಗಿದ್ದು, ಕಾಗದದಲ್ಲಿ ಆಗುವ ಹಾಗೆಯೇ. ಬಿಸಿಲಿನಲ್ಲಿ ಫೋನಿನ ಪರದೆ ಮಂಕಾದರೆ ಇದು ಇನ್ನಷ್ಟು ಸ್ಪಷ್ಟವಾಗುವುದು ಇದೇ ಕಾರಣಕ್ಕೆ.

ಆದರೆ ಇದು ಕಾಗದದಷ್ಟು ಬೆಳ್ಳಗಿಲ್ಲ. ಹಿನ್ನೆಲೆ ತೆಳು ಬೂದು. ಮಬ್ಬು ಕೋಣೆಯಲ್ಲಿ ದೀಪ ಹಾಕದೆ ಓದಿದರೆ ಕಾಗದಕ್ಕಿಂತ ಬೇಗ ಕಣ್ಣು ದಣಿಯುತ್ತದೆ. ಅದಕ್ಕೇ ಈಗಿನ ಸಾಧನಗಳಲ್ಲಿ ಮುಂಬೆಳಕು ಇರುತ್ತದೆ: ಅಂಚಿನಲ್ಲಿ ಸಣ್ಣ ಎಲ್‌ಇಡಿಗಳು, ಪರದೆಯ ಮೇಲೆ ಒಂದು ಪಾರದರ್ಶಕ ಹಾಳೆ. ಆ ಹಾಳೆ ಬೆಳಕನ್ನು ಕೆಳಗೆ, ಅಕ್ಷರಗಳ ಕಡೆಗೆ ಬಗ್ಗಿಸುತ್ತದೆ. ಪಕ್ಕದಲ್ಲಿ ಒಂದು ಬಿಳಿ ಕಾಗದ ಇಟ್ಟು, ಪರದೆಯ ಹಿನ್ನೆಲೆ ಅದಕ್ಕಿಂತ ಹೆಚ್ಚು ಹೊಳೆಯದಷ್ಟಕ್ಕೆ ಬೆಳಕನ್ನು ನಿಲ್ಲಿಸಿ. ಹೆಚ್ಚಿನವರು ಇದನ್ನು ಬೇಕಾದದ್ದಕ್ಕಿಂತ ಜಾಸ್ತಿ ಇಟ್ಟುಕೊಂಡು ಕಣ್ಣುರಿ ಎನ್ನುತ್ತಾರೆ.

ಹಿಂದಿನ ಪುಟದ ಛಾಯೆ ತೆಳುವಾಗಿ ಉಳಿದುಕೊಂಡರೆ ಅದು ಕೆಟ್ಟಿದೆ ಎಂದಲ್ಲ. ಕಣಗಳು ಪೂರ್ತಿ ಸ್ಥಾನ ಬದಲಿಸಿಲ್ಲ ಅಷ್ಟೆ. ಸೆಟ್ಟಿಂಗ್‌ನಲ್ಲಿ ಪೂರ್ಣ ರಿಫ್ರೆಶ್ ಅನ್ನು ಪ್ರತಿ ಪುಟಕ್ಕೆ ಅಥವಾ ಆರು ಪುಟಕ್ಕೊಮ್ಮೆ ಇಟ್ಟರೆ ಹೋಗುತ್ತದೆ, ಜೊತೆಗೆ ಪರದೆ ಒಮ್ಮೆ ಕಪ್ಪಾಗಿ ಮಿನುಗುತ್ತದೆ. ಚಳಿ ಹೆಚ್ಚಿದ್ದಾಗ ದ್ರವ ಮಂದವಾಗಿ ಛಾಯೆಯೂ ಹೆಚ್ಚುತ್ತದೆ, ಪುಟ ತಿರುಗುವುದೂ ನಿಧಾನವಾಗುತ್ತದೆ.

ಬಣ್ಣದ ಇ-ಇಂಕ್ ಬಗ್ಗೆ ಒಂದು ಮಾತು. ಕೆಲೀಡೊ 3 ಪರದೆಯಲ್ಲಿ ಕಪ್ಪು-ಬಿಳುಪು ಇಂಚಿಗೆ 300 ಚುಕ್ಕೆ, ಬಣ್ಣ 150 ಮಾತ್ರ. ಕಪ್ಪು-ಬಿಳುಪು ಪದರದ ಮೇಲೆ ಬಣ್ಣದ ಜಾಲರಿ ಹೊದಿಸಿರುವುದರಿಂದ ಬೆಳಕಿನ ಒಂದು ಪಾಲು ಅಲ್ಲೇ ಇಂಗಿಹೋಗಿ ಇಡೀ ಪುಟ ಕಂದುತ್ತದೆ, ಮುಂಬೆಳಕು ಸದಾ ಬೇಕಾಗುತ್ತದೆ. ಓದುವುದು ಬರೀ ಪಠ್ಯವಾದರೆ ಕಪ್ಪು-ಬಿಳುಪಿನದೇ ಮೇಲು.

ಅಳತೆಗೋಲು:
ಎಷ್ಟು ಇಂಚು ಎಂಬುದಕ್ಕೆ ಲೆಕ್ಕ ಹಾಕಿಯೇ ಉತ್ತರ ಹೇಳಬೇಕು. ಬಹುತೇಕ ಇ-ರೀಡರ್ ಪರದೆಗಳ ಉದ್ದಗಲದ ಪ್ರಮಾಣ 4:3. ಹಾಗಾಗಿ 6 ಇಂಚಿನದು ಸುಮಾರು 91 × 122 ಮಿ.ಮೀ., 7.8 ಇಂಚಿನದು 119 × 158, 10.3 ಇಂಚಿನದು 157 × 209, 13.3 ಇಂಚಿನದು 203 × 270. ಎ4 ಹಾಳೆ 210 × 297. ಎ5 ಹಾಳೆ 148 × 210.

ಇ-ಪುಸ್ತಕಗಳ ಇಪಬ್ ಬಗೆಯ ಕಡತವಾದರೆ ಈ ಲೆಕ್ಕ ಬೇಕಿಲ್ಲ. ಪಠ್ಯ ಪರದೆಗೆ ತಕ್ಕಂತೆ ಹರಿದು ಕೂರುತ್ತದೆ, 6 ಇಂಚೂ ಸಾಕು. ಪಿಡಿಎಫ್ ಹಾಗಲ್ಲ, ಅದರ ಪುಟ ಗಟ್ಟಿ. ಎ4 ಪಿಡಿಎಫ್‌ನ 11 ಪಾಯಿಂಟ್ ಅಕ್ಷರ 6 ಇಂಚಿನಲ್ಲಿ ಪೂರ್ತಿ ಪುಟವಾಗಿ ನಿಂತರೆ 91 ಭಾಗಿಸು 210, ಅಂದರೆ 43 ಶೇಕಡಾ. ಅಕ್ಷರ 4.8 ಪಾಯಿಂಟ್‌ಗೆ ಇಳಿಯಿತು, ಓದಲಾಗುವುದಿಲ್ಲ. ಎರಡೂ ಕಡೆ 25 ಮಿ.ಮೀ. ಅಂಚು ಕತ್ತರಿಸಿದರೆ ಪಠ್ಯದ ಅಗಲ 160 ಆಗಿ 6.3 ಪಾಯಿಂಟ್ ಸಿಗುತ್ತದೆ. ಅಡ್ಡ ತಿರುಗಿಸಿದರೆ 8.4. ಅದೇ ಕಡತ 7.8 ಇಂಚಿನಲ್ಲಿ ಅಂಚು ಕತ್ತರಿಸಿ ನೆಟ್ಟಗೆ ಹಿಡಿದರೆ 8.2, 10.3 ಇಂಚಿನಲ್ಲಿ 10.8. ಅಂದರೆ ಎ4 ಅಧ್ಯಯನ ಸಾಮಗ್ರಿಗೆ 10.3 ಇಂಚು, ಎ5 ಅಥವಾ ಡೆಮಿ 1/8 ಆಕಾರದ ಪುಸ್ತಕಗಳ ಸ್ಕ್ಯಾನ್‌ಗೆ 7.8 ಇಂಚು. ಡೆಮಿ 1/8 ಪುಸ್ತಕದಲ್ಲಿ ಪಠ್ಯದ ಅಗಲ ಸುಮಾರು 105 ಮಿ.ಮೀ. ಇರುತ್ತದೆ. ಅದು 119ರಲ್ಲಿ ನಿರಾಳವಾಗಿ ಕೂತು ಅಕ್ಷರ ಸ್ವಲ್ಪ ದೊಡ್ಡದೇ ಆಗುತ್ತದೆ.

ತೂಕದ ಲೆಕ್ಕವೂ ಇರಲಿ. ಡೆಮಿ 1/8 ಹಾಳೆ 140 × 216 ಮಿ.ಮೀ. 400 ಪುಟಕ್ಕೆ 200 ಹಾಳೆ, ಒಟ್ಟು ವಿಸ್ತೀರ್ಣ 6 ಚದರ ಮೀಟರ್. 80 ಜಿಎಸ್‌ಎಂ, ಅಂದರೆ ಚದರ ಮೀಟರ್‌ಗೆ 80 ಗ್ರಾಂ ತೂಗುವ ಕಾಗದವಾದರೆ ಒಳಪುಟಗಳೇ 480 ಗ್ರಾಂ, ರಟ್ಟು ಬೇರೆ. 6 ಇಂಚಿನ ಇ-ರೀಡರ್ 200 ಗ್ರಾಂ ಆಸುಪಾಸು. ಮಲಗಿ ಓದುವವರಿಗೂ ಮಣಿಕಟ್ಟಿನ ನೋವಿರುವವರಿಗೂ ಇದು ಸಣ್ಣ ವಿಷಯವಲ್ಲ.

ಅರ್ಕಾವತ್ತು:
ಅಳತೆಗೋಲು ಅವರೇ, ನಿಮ್ಮ ಪಾಯಿಂಟ್ ಲೆಕ್ಕ ರೋಮನ್ ಲಿಪಿಗೆ ಸರಿ, ಕನ್ನಡಕ್ಕೆ ಅಷ್ಟು ಸಾಲದು. 8 ಪಾಯಿಂಟ್ ಇಂಗ್ಲಿಷ್ ಓದಿಸಿಕೊಳ್ಳುತ್ತದೆ, 8 ಪಾಯಿಂಟ್ ಕನ್ನಡ ಕಷ್ಟ. ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಕೂರುತ್ತದೆ. ದ-ಧ, ಬ-ಭ, ಡ-ಢ, ಪ-ಫ ಇವುಗಳ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು. ಗಾತ್ರ ಇಳಿದಾಗ ಮೊದಲು ಅಳಿಸಿಹೋಗುವುದು ಅದೇ. ಕನ್ನಡಕ್ಕೆ 10 ಪಾಯಿಂಟ್‌ಗಿಂತ ಕೆಳಗಿಳಿಯಬೇಡಿ, ಸಾಲುಗಳ ಅಂತರವನ್ನೂ ಇಂಗ್ಲಿಷ್‌ಗಿಂತ ಒಂದು ಹಂತ ಹೆಚ್ಚಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸು-ಎತ್ವಗಳಿಗೆ ತಾಗುತ್ತದೆ.

ಈಗ ಒತ್ತಕ್ಷರದ ಪ್ರಶ್ನೆ. ಫಾಂಟ್ ಇದ್ದ ಮಾತ್ರಕ್ಕೆ ಕನ್ನಡ ಸರಿಯಾಗಿ ಮೂಡುವುದಿಲ್ಲ. “ಕರ್ಮ” ಎಂಬುದು ಕಡತದಲ್ಲಿ ಕ, ರ, ಹಲಂತ ಚಿಹ್ನೆ (್), ಮ ಎಂಬ ಕ್ರಮದಲ್ಲಿರುತ್ತದೆ. ಪರದೆಯ ಮೇಲೆ ಅರ್ಕಾವತ್ತು ಮ-ಕಾರದ ಬಲಕ್ಕೆ ಬರಬೇಕು. ಈ ಜಾಗ ಬದಲಿಸುವ ಕೆಲಸ ಅಕ್ಷರ ಜೋಡಿಸುವ ತಂತ್ರಾಂಶದ್ದು, ಹಾರ್ಫ್‌ಬಜ್ ಅಂಥದ್ದೊಂದು. ಓದುವ ತಂತ್ರಾಂಶದಲ್ಲಿ ಅದು ಇಲ್ಲದಿದ್ದರೆ ಎಷ್ಟು ಒಳ್ಳೆಯ ಫಾಂಟ್ ಹಾಕಿದರೂ ಅಕ್ಷರಗಳು ಒಡೆದು ಬಿಡಿಬಿಡಿಯಾಗಿ ಕಾಣುತ್ತವೆ. ಕೊಳ್ಳುವ ಮೊದಲು ಒಂದೇ ಪುಟದ ಪರೀಕ್ಷಾ ಕಡತ ಮಾಡಿ ಹಾಕಿ ನೋಡಿ. ಅದರಲ್ಲಿ ಈ ಪದಗಳಿರಲಿ: ಸ್ತ್ರೀ, ರಾಷ್ಟ್ರ, ಸ್ವಾತಂತ್ರ್ಯ, ಲಕ್ಷ್ಮೀ, ಸೂರ್ಯ, ಕರ್ಮ, ಕೋಟೆ, ಸಾಫ್ಟ್‌ವೇರ್‌ಗಳು. ಕೊನೆಯದು ಮುಖ್ಯ. ಅಲ್ಲಿ ಕಣ್ಣಿಗೆ ಕಾಣದ ಶೂನ್ಯ ಅಗಲದ ಬಿಡಿಕೆ ಅಕ್ಷರವಿದೆ. ಅದನ್ನು ಸಾಧನ ನುಂಗಿದರೆ “ರ್‌ಗ” ಹೋಗಿ ಅರ್ಕಾವತ್ತು ಹುಟ್ಟಿಕೊಳ್ಳುತ್ತದೆ, ಇಡೀ ಪುಸ್ತಕದ ಎರವಲು ಪದಗಳೆಲ್ಲ ವಿಕಾರವಾಗುತ್ತವೆ.

ಫಾಂಟ್ ಹಾಕುವ ಕ್ರಮ:

1. ನೋಟೋ ಸೆರಿಫ್ ಕನ್ನಡ ಅಥವಾ ನೋಟೋ ಸ್ಯಾನ್ಸ್ ಕನ್ನಡ ಇಳಿಸಿಕೊಳ್ಳಿ. ಎರಡೂ ಮುಕ್ತ ಪರವಾನಗಿಯವು. ಸಾಧಾರಣ ಮತ್ತು ದಪ್ಪ ಎರಡು ಕಡತ ಸಾಕು.
2. ಸಾಧನವನ್ನು ಯುಎಸ್‌ಬಿಯಲ್ಲಿ ಜೋಡಿಸಿ, ಮೂಲ ಫೋಲ್ಡರ್‌ನಲ್ಲೇ “ಫಾಂಟ್ಸ್” ಹೆಸರಿನ ಫೋಲ್ಡರ್‌ಗೆ ಹಾಕಿ. ಕೋಬೋ ಕಂಪನಿಯ ಇ-ರೀಡರ್‌ನಲ್ಲಿ ಆ ಫೋಲ್ಡರ್ ಇರದಿದ್ದರೆ ನೀವೇ ರಚಿಸಬೇಕು. ಹೆಸರು ಇಂಗ್ಲಿಷಿನ ಸಣ್ಣಕ್ಷರದಲ್ಲಿರಲಿ.
3. ಇ-ಪುಸ್ತಕಗಳನ್ನು ನಿರ್ವಹಿಸುವ, ಪರಿವರ್ತಿಸುವ ಕಂಪ್ಯೂಟರ್ ತಂತ್ರಾಂಶ ಕ್ಯಾಲಿಬರ್‌ನಲ್ಲಿ ಪುಸ್ತಕದ ವಿವರ ತೆರೆದು ಭಾಷೆ ಕನ್ನಡ ಎಂದು ಗುರುತಿಸಿ. ಭಾಷೆ ಇಂಗ್ಲಿಷ್ ಎಂದಿದ್ದರೆ ಕೆಲವು ಸಾಧನಗಳು ತಪ್ಪು ಫಾಂಟ್ ಹಿಡಿಯುತ್ತವೆ.
4. ಇಷ್ಟಾದರೂ ಚೌಕಗಳೇ ಕಂಡರೆ ಫಾಂಟನ್ನು ಇಪಬ್‌ನೊಳಗೇ ಸೇರಿಸಿ ಪರಿವರ್ತಿಸಿ, ಓದುವಾಗ “ಪ್ರಕಾಶಕರ ಫಾಂಟ್” ಆಯ್ಕೆ ಮಾಡಿ. ಬಳಕೆಯಾಗದ ಅಕ್ಷರಗಳನ್ನು ತೆಗೆದು ಫಾಂಟ್ ಕಡತವನ್ನು ಚಿಕ್ಕದಾಗಿಸುವ ಸಬ್‌ಸೆಟ್ ಆಯ್ಕೆಯನ್ನು ಮುಟ್ಟಬೇಡಿ. ಒತ್ತಕ್ಷರದ ಆಕೃತಿಗಳಿಗೆ ಸ್ವಂತ ಯೂನಿಕೋಡ್ ಸಂಖ್ಯೆ ಇರುವುದಿಲ್ಲ, ಸರಿಯಾಗಿ ಎಣಿಸದ ತಂತ್ರಾಂಶ ಅವನ್ನೇ ಕಿತ್ತುಹಾಕಬಹುದು.

ಅಕ್ಷರಗಳು ಒಡೆಯುತ್ತಲೇ ಇದ್ದರೆ ದೋಷ ಓದುವ ತಂತ್ರಾಂಶದ್ದು. ಆಗ ಕೋರೀಡರ್ ಹಾಕಿಕೊಳ್ಳಿ. ಅದು ಉಚಿತ, ಮುಕ್ತ ತಂತ್ರಾಂಶ, ಹಾರ್ಫ್‌ಬಜ್ ಬಳಸುತ್ತದೆ. ಕೋಬೋ, ಪಾಕೆಟ್‌ಬುಕ್, ಆಂಡ್ರಾಯ್ಡ್ ಸಾಧನಗಳಲ್ಲಿ ನಡೆಯುತ್ತದೆ.

ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಆಯ್ಕೆಯನ್ನು ಕನ್ನಡಕ್ಕೆ ತೆಗೆದುಬಿಡಿ. ನಮ್ಮ ಪದಗಳು ವಿಭಕ್ತಿ, ಸಂಧಿ ಸೇರಿ ಉದ್ದವಾಗುತ್ತವೆ. 6 ಇಂಚಿನ ಸಾಲಿಗೆ ನಾಲ್ಕೈದೇ ಪದ ಬಂದಾಗ ನಡುವೆ ದೊಡ್ಡ ದೊಡ್ಡ ಬಿರುಕು ಬಿಡುತ್ತದೆ. ಎಡಕ್ಕೆ ಒತ್ತರಿಸಿ ಇಟ್ಟರೆ ಓದು ಸರಾಗ.

ಇನ್ನೊಂದು ಬಲೆ: ಹಳೆಯ ನುಡಿ ಅಥವಾ ಬರಹದ ಆಸ್ಕಿ ಸಂಕೇತದಲ್ಲಿ ಬೆರಳಚ್ಚಿಸಿದ ಕಡತ. ಅದನ್ನು ನೇರ ಇಪಬ್ ಮಾಡಿದರೆ ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಸಿಗುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಆಮೇಲೆ ಅರ್ಕಾವತ್ತು, ದೀರ್ಘಗಳು, ನಡುವೆ ಬಂದ ಇಂಗ್ಲಿಷ್ ಪದಗಳು ಈ ಮೂರನ್ನು ಕಣ್ಣಾರೆ ತಿದ್ದಬೇಕು. ಪರಿವರ್ತಕಗಳು ಎಡವುವುದು ಹೆಚ್ಚಾಗಿ ಅಲ್ಲೇ.

ಪುಟತಿರುವಿ:
ಇಷ್ಟು ವಿವರ ಸಿಕ್ಕಿದ್ದು ದೊಡ್ಡ ಉಪಕಾರ. ಹಾಗಾದರೆ ಕಾಗದದ ಪರವಾಗಿ ಮಾತಾಡುವವರು ಯಾರು?

ಹೊಲಿಗೆಬೆನ್ನು:
ನಾನು ಹೇಳುತ್ತೇನೆ. ಆದರೆ “ಅಚ್ಚಿನ ಪುಸ್ತಕ” ಎಂಬ ಒಂದೇ ವಸ್ತು ಇಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಹೊಲಿದ ಪುಸ್ತಕ ಬೇರೆ, ಅಂಟಿಸಿದ ಪುಸ್ತಕ ಬೇರೆ. ಹೊಲಿಗೆ ಬೈಂಡಿಂಗ್‌ನಲ್ಲಿ 16 ಪುಟಗಳ ಫಾರಂ ಮಡಚಿ, ಮಡಿಕೆಯ ಮೂಲಕ ದಾರ ಹಾಯಿಸಿ ಒಂದಕ್ಕೊಂದು ಕಟ್ಟಿರುತ್ತಾರೆ. ಮೇಜಿನ ಮೇಲೆ ಚಪ್ಪಟೆಯಾಗಿ ತೆರೆದು ನಿಲ್ಲುತ್ತದೆ, ಹಾಳೆ ಕಳಚುವುದಿಲ್ಲ. ಅಂಟು ಬೈಂಡಿಂಗ್‌ನಲ್ಲಿ ಮಡಿಕೆಯನ್ನೇ ಕತ್ತರಿಸಿ, ಬಿಡಿ ಹಾಳೆಗಳ ಅಂಚಿಗೆ ಬಿಸಿ ಅಂಟು ಹಚ್ಚುತ್ತಾರೆ. ಅಂಟಿನಲ್ಲೂ ಎರಡು ಬಗೆ: ಇವಿಎ ಮತ್ತು ಪಿಯುಆರ್. ಇವಿಎ ವರ್ಷ ಕಳೆದಂತೆ ಒಣಗಿ ಗಡುಸಾಗುತ್ತದೆ. ಅಂಥ ಪುಸ್ತಕವನ್ನು ಅಗಲಿಸಿ ತೆರೆದರೆ ಬೆನ್ನು ಬಿರಿದು ಹಾಳೆಗಳು ಗೊಂಚಲಾಗಿ ಉದುರುತ್ತವೆ. ಪಿಯುಆರ್ ಬಾಗುತ್ತದೆ, ಬಿರಿಯುವುದು ಕಡಿಮೆ.

ಕೊಳ್ಳುವಾಗ ಪುಸ್ತಕದ ಬೆನ್ನಿನ ಮೇಲ್ತುದಿಯನ್ನು ನೋಡಿ. ಮಡಚಿದ ಫಾರಂಗಳ ಸಣ್ಣ ಸಣ್ಣ ಕಮಾನುಗಳು ಕಂಡರೆ, ಫಾರಂ ನಡುವೆ ದಾರ ಕಂಡರೆ ಹೊಲಿಗೆ. ನೇರ ಗೆರೆಯಂತೆ ಕತ್ತರಿಸಿದ ಅಂಚಿದ್ದರೆ ಅಂಟು. ಮತ್ತೆ ಕಾಗದದ ನಾರಿನ ದಿಕ್ಕು ಬೆನ್ನಿಗೆ ಸಮಾನಾಂತರವಾಗಿರಬೇಕು. ಅಡ್ಡ ಇದ್ದರೆ ತೇವ ಹೀರಿದಾಗ ಬೆನ್ನಿನ ಬಳಿ ಹಾಳೆ ಅಲೆಯಂತೆ ಸುಕ್ಕಾಗುತ್ತದೆ, ತೆರೆದ ಪುಟ ತಾನಾಗಿ ಮುಚ್ಚಿಕೊಳ್ಳುತ್ತದೆ. ಒಂದು ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲನೆ ಬಾಗಿಸಿದರೆ ಸುಲಭವಾಗಿ ಬಾಗುವ ಮಡಿಕೆಯ ಗೆರೆಯೇ ನಾರಿನ ದಿಕ್ಕು.

ಹೊಸ ಪುಸ್ತಕವನ್ನು ನಡುವೆ ಹಿಡಿದು ಒಮ್ಮೆಗೇ ಅಗಲಿಸಬಾರದು. ಬೆನ್ನನ್ನು ಮೇಜಿನ ಮೇಲೆ ನಿಲ್ಲಿಸಿ ಮುಂದಿನ ರಟ್ಟು, ಹಿಂದಿನ ರಟ್ಟು ಇಳಿಸಿ. ಆಮೇಲೆ ಮುಂದಿನಿಂದ ಹತ್ತು ಹಾಳೆ, ಹಿಂದಿನಿಂದ ಹತ್ತು ಹಾಳೆ, ಹೀಗೆ ಮಧ್ಯದವರೆಗೆ ಬೆರಳಿನಿಂದ ಒತ್ತುತ್ತಾ ಬನ್ನಿ.

ಕಾಗದದ ನಿಜವಾದ ಬಲ ಇರುವುದು ನೀವು ಹೇಳಿದ ಎರಡನೆಯ ಬಗೆಯ ಓದಿನಲ್ಲಿ. ಕೋಷ್ಟಕ ಒಂದು ಪುಟದಲ್ಲಿ, ಅದರ ವಿವರಣೆ ಮೂರು ಪುಟ ಆಚೆ, ಟಿಪ್ಪಣಿ ಅಧ್ಯಾಯದ ಕೊನೆಯಲ್ಲಿ. ಕಾಗದದಲ್ಲಿ ಮೂರು ಬೆರಳು ಮೂರು ಕಡೆ ಸಿಕ್ಕಿಸಿಕೊಂಡು ಓದಬಹುದು. ಇ-ಇಂಕ್‌ನಲ್ಲಿ ಪ್ರತಿ ಜಿಗಿತಕ್ಕೂ ಮೆನು, ಕಾಯುವಿಕೆ. ಎರಡು ಪುಟಕ್ಕೆ ಹರಡಿದ ನಕ್ಷೆಯನ್ನು 6 ಇಂಚಿನಲ್ಲಿ ನೋಡುವುದು ಕಿಟಕಿಯ ಸಂದಿಯಿಂದ ತೇರು ನೋಡಿದಂತೆ.

ಓದುಮನೆ:
ನೆನಪಿನ ಪ್ರಶ್ನೆಗೆ ನನ್ನ ಉತ್ತರ. 2018ರಲ್ಲಿ ಪ್ರಕಟವಾದ ಒಂದು ಒಟ್ಟು ವಿಶ್ಲೇಷಣೆ 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು ಒಗ್ಗೂಡಿಸಿತು. ಓದುಗರು 1,71,000ಕ್ಕೂ ಹೆಚ್ಚು. ಗ್ರಹಿಕೆಯಲ್ಲಿ ಕಾಗದಕ್ಕೆ ಮೇಲುಗೈ ಕಂಡಿತು. ಆದರೆ ಅದು ಮಾಹಿತಿ ಪ್ರಧಾನ ಪಠ್ಯಗಳಲ್ಲಿ, ಮುಖ್ಯವಾಗಿ ಸಮಯದ ಒತ್ತಡ ಇದ್ದಾಗ. ಕಥನದ ಓದಿನಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. “ಪರದೆ” ಎಂದರೆ ಅಲ್ಲಿ ಇ-ಇಂಕ್ ಮಾತ್ರವಲ್ಲ, ಕಂಪ್ಯೂಟರ್, ಟ್ಯಾಬ್ಲೆಟ್ ಎಲ್ಲವೂ ಸೇರಿವೆ.

ಇ-ಇಂಕ್ ಅನ್ನೇ ಹಿಡಿದು ಮಾಡಿದ ಒಂದು ಅಧ್ಯಯನ 2019ರದ್ದು. 50 ಮಂದಿ, 28 ಪುಟದ ಒಂದು ಪತ್ತೇದಾರಿ ಕಥೆ, ಅರ್ಧ ಜನರಿಗೆ ಅಮೆಜಾನ್‌ನ ಇ-ರೀಡರ್ ಕಿಂಡಲ್, ಅರ್ಧ ಜನರಿಗೆ ಅಚ್ಚು. ಹೆಚ್ಚಿನ ಪ್ರಶ್ನೆಗಳಲ್ಲಿ ಎರಡು ಗುಂಪೂ ಸಮ. ಯಾವ ಘಟನೆ ಮೊದಲು, ಯಾವುದು ನಂತರ ಎಂದು ಕ್ರಮವಾಗಿ ಜೋಡಿಸುವುದರಲ್ಲಿ ಮಾತ್ರ ಅಚ್ಚಿನ ಗುಂಪು ಮುಂದಿತ್ತು. ಎಡಗೈಯಲ್ಲಿ ಓದಿ ಮುಗಿಸಿದ್ದರ ದಪ್ಪ, ಬಲಗೈಯಲ್ಲಿ ಉಳಿದದ್ದರ ದಪ್ಪ, ಇದು ಕಥೆಯಲ್ಲಿ ಎಲ್ಲಿದ್ದೇವೆ ಎಂಬ ಅರಿವಿಗೆ ಆಸರೆಯಾಗುತ್ತದೆ ಎಂಬುದು ಅದಕ್ಕೆ ಕೊಡುವ ಒಂದು ವಿವರಣೆ. ಇದು ಸಣ್ಣ ಅಧ್ಯಯನ, ಅದನ್ನೇ ಹಿಡಿದು ದೊಡ್ಡ ತೀರ್ಮಾನ ಬೇಡ.

ಹಾಗಾಗಿ ಪರೀಕ್ಷೆಗೆ ಓದುವ ಪಠ್ಯ ಕಾಗದದಲ್ಲಿರಲಿ, ಕಾದಂಬರಿ ಯಾವುದರಲ್ಲಾದರೂ ಸರಿ. ಸಾಧನದಲ್ಲಿ ಅಧ್ಯಯನ ಗ್ರಂಥ ಓದಲೇಬೇಕಾದರೆ ಪ್ರತಿ ಅಧ್ಯಾಯದ ಕೊನೆಯಲ್ಲಿ ಸಾಧನ ಮುಚ್ಚಿಟ್ಟು, ನೋಡದೆ ಐದಾರು ಸಾಲು ಕಾಗದದ ಮೇಲೆ ಬರೆಯಿರಿ. ಬಣ್ಣದಲ್ಲಿ ಗೆರೆ ಎಳೆದ ಮಾತ್ರಕ್ಕೆ ತಲೆಗೆ ಹೋಗುವುದಿಲ್ಲ, ಅದು ಕಾಗದದಲ್ಲೂ ಅಷ್ಟೆ.

ನಿದ್ದೆಯ ವಿಷಯವನ್ನೂ ಸೇರಿಸುತ್ತೇನೆ. ರಾತ್ರಿ ಇ-ರೀಡರ್ ಹಿಡಿದರೆ ನಿದ್ದೆ ಕೆಡುತ್ತದೆ ಎಂಬುದಕ್ಕೂ ಅಧ್ಯಯನದ ಆಧಾರವಿದೆ.

ಶಾಯಿಕಣ:
ಓದುಮನೆ ಅವರೇ, ಕೊನೆಯ ಮಾತಿಗೆ ಒಂದು ತಿದ್ದುಪಡಿ. ಆ ಹೇಳಿಕೆಗೆ ಸಾಮಾನ್ಯವಾಗಿ ಆಧಾರವಾಗಿ ತೋರಿಸುವ ಅಧ್ಯಯನದಲ್ಲಿದ್ದವರು 12 ಮಂದಿ. ಐದು ಸಂಜೆ, ಮಲಗುವ ಮುನ್ನ ತಲಾ 4 ಗಂಟೆ, ಮಂದ ಬೆಳಕಿನ ಕೋಣೆಯಲ್ಲಿ, ಪೂರ್ತಿ ಹೊಳಪಿನಲ್ಲಿಟ್ಟ ಟ್ಯಾಬ್ಲೆಟ್‌ನಲ್ಲಿ ಓದಿದರು. ಅಚ್ಚಿನಲ್ಲಿ ಓದಿದಾಗ ಹಿಡಿದದ್ದಕ್ಕಿಂತ ನಿದ್ದೆ ಹತ್ತಲು ಸುಮಾರು 10 ನಿಮಿಷ ಹೆಚ್ಚು ಹಿಡಿಯಿತು. ಅದು ಬೆಳಕು ಸೂಸುವ ಪರದೆ, ಇ-ಇಂಕ್ ಅಲ್ಲ. ಹಾಗೆಂದು ಇ-ಇಂಕ್ ಮುಂಬೆಳಕು ಪೂರ್ತಿ ನಿರಪಾಯ ಎನ್ನಲೂ ಆಗದು. ಬಿಳಿ ಎಲ್‌ಇಡಿಯ ನೀಲಿ ಪಾಲು ಅಲ್ಲೂ ಇದೆ, ಪ್ರಮಾಣ ಕಡಿಮೆ. ಮಂಚದ ಪಕ್ಕದ ಹಳದಿ ದೀಪದಲ್ಲಿ ಮುಂಬೆಳಕನ್ನು ಪೂರ್ತಿ ಆರಿಸಿ ಓದಿದರೆ ಕಾಗದಕ್ಕೂ ಅದಕ್ಕೂ ಬೆಳಕಿನ ದೃಷ್ಟಿಯಿಂದ ಭೇದವಿಲ್ಲ.

ಓದುಮನೆ:
ಒಪ್ಪಿದೆ ಸರ್. ಸಾಧನದ ಬಗೆಯನ್ನು ನಾನು ಬಿಡಿಸಿ ಹೇಳಬೇಕಿತ್ತು.

ಕಡತಪಾಲ:
ಹದಿನೈದು ವರ್ಷದ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಮುಖ್ಯ. ನಕಲು ಮಾಡದಂತೆ ಡಿಜಿಟಲ್ ಬೀಗ (ಡಿಆರ್‌ಎಂ) ಹಾಕಿದ ಇ-ಪುಸ್ತಕದಲ್ಲಿ ಹಣ ಕೊಟ್ಟು ಪಡೆಯುವುದು ಓದುವ ಪರವಾನಗಿ, ಪುಸ್ತಕವಲ್ಲ. 2009ರ ಜುಲೈಯಲ್ಲಿ ಹಕ್ಕಿಲ್ಲದವರು ಮಾರಿದ ಎರಡು ಕಾದಂಬರಿಗಳನ್ನು ಅಮೆಜಾನ್ ಓದುಗರ ಸಾಧನಗಳಿಂದಲೇ ದೂರದಿಂದ ಅಳಿಸಿತು. ಹಣ ಮರಳಿಸಿತು, ಆಮೇಲೆ ಕ್ಷಮೆಯನ್ನೂ ಕೇಳಿತು. 2019ರ ಜುಲೈಯಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆ ಮುಚ್ಚಿದಾಗ ಕೊಂಡವರಿಗೆ ಹಣ ವಾಪಸು ಬಂತು, ಪುಸ್ತಕಗಳು ತೆರೆಯದಾದವು. 2025ರ ಫೆಬ್ರುವರಿ 26ರಿಂದ ಕಿಂಡಲ್ ಪುಸ್ತಕದ ಕಡತವನ್ನು ಕಂಪ್ಯೂಟರ್‌ಗೆ ಇಳಿಸಿ ಯುಎಸ್‌ಬಿಯಲ್ಲಿ ಸಾಗಿಸುವ ಸೌಲಭ್ಯವೂ ನಿಂತಿತು. ಕಪಾಟಿನಲ್ಲಿರುವ ಅಚ್ಚಿನ ಪುಸ್ತಕಕ್ಕೆ ಈ ಭಯ ಇಲ್ಲ. ಎರವಲು ಕೊಡಬಹುದು, ಮಾರಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು.

ಬೀಗವಿಲ್ಲದ ಇಪಬ್ ಆದರೆ ಮಾತೇ ಬೇರೆ. ಇಪಬ್ ಎಂದರೆ ಒಂದು ಜಿಪ್ ಕಡತ. ಒಳಗೆ ಜಾಲಪುಟದಂಥ ಪಠ್ಯ, ಶೈಲಿಯ ಕಡತ, ಚಿತ್ರ, ಫಾಂಟ್. ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ಯಾವ ಕಂಪ್ಯೂಟರ್‌ನಲ್ಲೂ ತೆರೆಯಬಹುದು. ಇಂಥ ಸರಳ ರಚನೆ ಬಹುಕಾಲ ಬದುಕುತ್ತದೆ. ಪ್ರಕಾಶಕರು ಬೀಗವಿಲ್ಲದೆ ಕೊಡುವುದಾದರೆ ಅಲ್ಲೇ ಕೊಳ್ಳಿ. ಮೂರು ಪ್ರತಿ ಇಡಿ: ಕಂಪ್ಯೂಟರ್‌ನಲ್ಲಿ ಒಂದು, ಹೊರಗಿನ ಡ್ರೈವ್‌ನಲ್ಲಿ ಒಂದು, ಬೇರೆ ಜಾಗದಲ್ಲಿ ಒಂದು. ಸಾಧನದಲ್ಲಿರುವುದನ್ನು ಪ್ರತಿ ಎಂದು ಎಣಿಸಬೇಡಿ.

ನಿಮ್ಮ ಟಿಪ್ಪಣಿಗಳನ್ನೂ ಹೊರತೆಗೆದಿಡಿ. ಕಿಂಡಲ್‌ನಲ್ಲಿ ಅವು “ಮೈ ಕ್ಲಿಪ್ಪಿಂಗ್ಸ್” ಎಂಬ ಸಾದಾ ಪಠ್ಯ ಕಡತಕ್ಕೂ ಸೇರುತ್ತವೆ, ಆದರೆ ಮಳಿಗೆಯ ಪುಸ್ತಕಗಳಿಗೆ ಪ್ರಕಾಶಕರು ಮಿತಿ ಹಾಕಿರುತ್ತಾರೆ. ಮಿತಿ ದಾಟಿದ ಮೇಲೆ ಗೆರೆ ಎಳೆದದ್ದು ಸಾಧನದಲ್ಲಿ ಕಂಡರೂ ಹೊರಗೆ ಬರುವುದಿಲ್ಲ. ಇದು ಗೊತ್ತಾಗುವುದು ಸಾಮಾನ್ಯವಾಗಿ ಪ್ರಬಂಧ ಬರೆಯಲು ಕೂತಾಗ. ಉಲ್ಲೇಖಕ್ಕೆ ಪುಟಸಂಖ್ಯೆ ಬೇಕಾದವರು ಇಪಬ್‌ನಲ್ಲಿ ಅಚ್ಚಿನ ಪುಟಗಳ ಪಟ್ಟಿ ಸೇರಿದೆಯೇ ನೋಡಬೇಕು. ಇಲ್ಲದಿದ್ದರೆ ಪರದೆ ತೋರಿಸುವ ಪುಟಸಂಖ್ಯೆ ಅಕ್ಷರದ ಗಾತ್ರದೊಂದಿಗೆ ಬದಲಾಗುವಂಥದ್ದಾಗಿರಬಹುದು.

ಹೊಲಿಗೆಬೆನ್ನು ಅವರಿಗೆ ಒಂದು ಪ್ರಶ್ನೆ: ಕಾಗದ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಹೇಳಲಿಲ್ಲ.

ಹೊಲಿಗೆಬೆನ್ನು:
ನ್ಯಾಯವಾದ ಪ್ರಶ್ನೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಮರದ ತಿರುಳಿನ ಕಾಗದಕ್ಕೆ ಪಟಿಕ ಮತ್ತು ರಾಳ ಬಳಸಿ ಶಾಯಿ ಹರಡದಂತೆ ಮಾಡುತ್ತಿದ್ದರು. ಪಟಿಕ ಕಾಗದದಲ್ಲಿ ಆಮ್ಲ ಹುಟ್ಟಿಸುತ್ತದೆ. ಆಮ್ಲ ನಾರನ್ನು ತುಂಡರಿಸುತ್ತದೆ. ಯಾಂತ್ರಿಕವಾಗಿ ಅರೆದ ತಿರುಳಿನಲ್ಲಿ ಉಳಿಯುವ ಲಿಗ್ನಿನ್ ಬೆಳಕಿಗೆ ಹಳದಿಯಾಗುತ್ತದೆ. ಅಂಥ ಪುಸ್ತಕದ ಮೂಲೆ ಎರಡು ಸಲ ಮಡಚಿದರೆ ಮುರಿದು ಕೈಗೆ ಬರುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿದ ಕ್ಷಾರೀಯ ಕಾಗದ ಅದಕ್ಕಿಂತ ಬಹಳ ಕಾಲ ಬಾಳುತ್ತದೆ. ಐಎಸ್‌ಒ 9706 ಅಂಥ ಶಾಶ್ವತ ಕಾಗದದ ಮಾನದಂಡ, ಕೆಲವು ಪುಸ್ತಕಗಳ ಹಕ್ಕು ಪುಟದಲ್ಲಿ ಅದರ ಉಲ್ಲೇಖ ಇರುತ್ತದೆ. ಇಡುವ ಪುಸ್ತಕವನ್ನು ಹೊಲಿದದ್ದು, ಆಮ್ಲರಹಿತ ಕಾಗದದ್ದು ನೋಡಿ ಕೊಳ್ಳಿ. ಒಮ್ಮೆ ಓದಿ ಮುಗಿಸುವ ಪುಸ್ತಕಕ್ಕೆ ಅಷ್ಟು ಚಿಂತೆ ಬೇಡ, ಅದನ್ನು ಇ-ರೀಡರ್‌ಗೇ ಬಿಡಬಹುದು.

ಕಪಾಟಿನ ಶಿಸ್ತು: ಗೋಡೆಗೆ ಅಂಟಿಸದೆ ಅಂಗೈ ಅಗಲ ಜಾಗ ಬಿಡಿ. ಗಾಳಿಯ ತೇವಾಂಶ 65 ಶೇಕಡಾ ದಾಟಿ ನಿಂತರೆ ಬೂಸ್ಟು ಹಿಡಿಯುತ್ತದೆ, ಒಂದು ಸಣ್ಣ ತೇವಮಾಪಕ ಕಪಾಟಿನಲ್ಲೇ ಇರಲಿ. ಪುಸ್ತಕ ತೆಗೆಯುವಾಗ ಬೆನ್ನಿನ ನೆತ್ತಿಗೆ ಬೆರಳು ಕೊಕ್ಕೆ ಹಾಕಬೇಡಿ. ಅಕ್ಕಪಕ್ಕದವನ್ನು ಹಿಂದಕ್ಕೆ ತಳ್ಳಿ, ಬೇಕಾದದ್ದರ ನಡು ಹಿಡಿದು ಎಳೆಯಿರಿ. ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಲೇಬಾರದು. ಅದರ ಅಂಟು ಹಳದಿಯಾಗಿ ನಾರಿನೊಳಗೆ ಇಳಿದು ಅಕ್ಷರವನ್ನೂ ತಿನ್ನುತ್ತದೆ. ತೆಳು ಜಪಾನಿ ಟಿಶ್ಯೂ ಕಾಗದ, ಗೋಧಿ ಪಿಷ್ಟದ ತೆಳು ಗಂಜಿ, ಮೇಲೊಂದು ಭಾರ, ಇಷ್ಟು ಸಾಕು.

ಅಳತೆಗೋಲು:
ಸಾಧನ ಹಾಳಾಗುವ ಬಗೆಯನ್ನೂ ಹೇಳಿದರೆ ತೂಕ ಸಮವಾಗುತ್ತದೆ. ಹೆಚ್ಚು ಸಲ ಒಡೆಯುವುದು ಹೊರಗಿನ ಗಾಜಲ್ಲ, ಅಕ್ಷರ ಪದರದ ಕೆಳಗಿನ ತೆಳು ಗಾಜು. ಹೊರಗೆ ಗೀರೂ ಇಲ್ಲ, ಆದರೆ ಪರದೆಯ ಒಂದು ಪಾಲು ಹಳೆಯ ಚಿತ್ರದಲ್ಲೇ ಹೆಪ್ಪುಗಟ್ಟಿದೆ, ಗೆರೆಗಳು ಬಂದಿವೆ ಎಂದರೆ ಅದೇ. ಬೀಳುವುದಕ್ಕಿಂತ ತುಂಬಿದ ಚೀಲದಲ್ಲಿ ಬಾಗಿ ಒಡೆಯುವುದು ಸಾಮಾನ್ಯ. ಗಟ್ಟಿ ಹೊದಿಕೆ ಹಾಕಿ, ಚೀಲದಲ್ಲಿ ಚಪ್ಪಟೆಯಾದ ಪುಸ್ತಕದ ಪಕ್ಕ ಇಡಿ, ನೀರಿನ ಬಾಟಲಿಯ ಪಕ್ಕ ಬೇಡ.

ಬ್ಯಾಟರಿ 10 ವಾರ ಬರುತ್ತದೆ ಎಂದು ತಯಾರಕರು ಹೇಳಿದರೆ ಅದು ದಿನಕ್ಕೆ ಅರ್ಧ ಗಂಟೆ, ವೈಫೈ ಆರಿಸಿ ಎಂಬ ಲೆಕ್ಕ. ಅಂದರೆ ಒಟ್ಟು 35 ಗಂಟೆ ಓದು. ದಿನಕ್ಕೆ ಎರಡೂವರೆ ಗಂಟೆ ಓದುವವರಿಗೆ ಎರಡು ವಾರ. ಒಮ್ಮೆಗೇ ನೂರಾರು ಪುಸ್ತಕ ತುಂಬಿದರೆ ಸಾಧನ ಹಿನ್ನೆಲೆಯಲ್ಲಿ ಹುಡುಕುಪಟ್ಟಿ ಕಟ್ಟುತ್ತಾ ಕೂರುತ್ತದೆ, ಒಂದೆರಡು ದಿನ ಬ್ಯಾಟರಿ ಸರಸರನೆ ಇಳಿಯುತ್ತದೆ. ಇಪ್ಪತ್ತು ಮೂವತ್ತರ ಕಂತಿನಲ್ಲಿ ಹಾಕಿ ಚಾರ್ಜಿಗೆ ಇಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜ್ ಮಾಡಿ ಪೂರ್ತಿ ಆರಿಸಿ ಇಡಿ. ಸೊನ್ನೆಯಲ್ಲಿ ಬಿಟ್ಟ ಲಿಥಿಯಂ ಬ್ಯಾಟರಿ ಮತ್ತೆ ಏಳದೇ ಹೋಗಬಹುದು.

ಪುಟತಿರುವಿ:
ಮೂರನೆಯ ಬಗೆ ಒಂದು ಉಳಿಯಿತು, ಹಳೆಯ ಪುಸ್ತಕಗಳ ಸ್ಕ್ಯಾನ್. 7.8 ಇಂಚಿನಲ್ಲಿ ತೆರೆದರೆ ಹಿನ್ನೆಲೆ ಕಂದು, ಅಕ್ಷರ ಮಸುಕು, ಪುಟ ಓರೆ. ಇದಕ್ಕೆ ದಾರಿ ಇದೆಯೇ?

ಅರ್ಕಾವತ್ತು:
ಇದೆ. ತಾಳ್ಮೆ ಬೇಕು.

ಪಿಡಿಎಫ್‌ನಿಂದ ಚಿತ್ರಗಳನ್ನು ಹೊರತೆಗೆಯಿರಿ, ಪಾಪ್ಲರ್ ಎಂಬ ಪಿಡಿಎಫ್ ತಂತ್ರಾಂಶದ ಕಟ್ಟಿನಲ್ಲಿರುವ ಪಿಡಿಎಫ್‌ಇಮೇಜಸ್ ಸಾಕು. ಅವನ್ನು ಸ್ಕ್ಯಾನ್ ಪುಟಗಳನ್ನು ತಿದ್ದುವ ಸ್ಕ್ಯಾನ್ ಟೇಲರ್ ತಂತ್ರಾಂಶಕ್ಕೆ ಹಾಕಿ. ಅದು ಹಂತಹಂತವಾಗಿ ದಿಕ್ಕು ಸರಿಪಡಿಸುತ್ತದೆ, ಜೋಡಿ ಪುಟ ಸೀಳುತ್ತದೆ, ಓರೆ ತಿದ್ದುತ್ತದೆ, ಪಠ್ಯದ ಚೌಕ ಗುರುತಿಸುತ್ತದೆ, ಅಂಚು ಕೂರಿಸುತ್ತದೆ. ಪಠ್ಯದ ಚೌಕದ ಹಂತದಲ್ಲಿ ಪ್ರತಿ ಪುಟ ಕಣ್ಣಾಡಿಸಿ. ಪುಟದ ಕೊನೆಯ ಸಾಲಿನ ಒತ್ತಕ್ಷರವನ್ನು ಚೌಕದ ಹೊರಗೆ ಬಿಟ್ಟುಬಿಡುವುದುಂಟು. ಅಂಚು 3 ಮಿ.ಮೀ. ಸಾಕು. ಹೊರಹರಿವು 600 ಡಿಪಿಐ (ಇಂಚಿಗೆ 600 ಚುಕ್ಕೆ) ಕಪ್ಪು-ಬಿಳುಪು ಇರಲಿ, ಮೂಲ 300 ಆಗಿದ್ದರೂ. ಹಾಗೆ ಮಾಡಿದರೆ ವಕ್ರರೇಖೆಗಳು ಮೆಟ್ಟಿಲಾಗುವುದಿಲ್ಲ, ಮತ್ತು ಕನ್ನಡ ಪೂರ್ತಿ ವಕ್ರರೇಖೆಗಳದ್ದೇ ಲಿಪಿ. ಕಲೆ ತೆಗೆಯುವ ಆಯ್ಕೆಯನ್ನು ಅತಿ ಕಡಿಮೆಯಲ್ಲಿಡಿ. ಹೆಚ್ಚಿಸಿದರೆ ಧೂಳಿನ ಜೊತೆ ಪೂರ್ಣವಿರಾಮವೂ ಮಹಾಪ್ರಾಣದ ಸೀಳೂ ಹೋಗುತ್ತವೆ.

ಅಕ್ಷರ ತೆಳುವಾಗಿ ತುಂಡಾದರೆ ದಪ್ಪ-ತೆಳುವಿನ ಜಾರುಪಟ್ಟಿಯನ್ನು ದಪ್ಪದ ಕಡೆಗೆ ಸರಿಸಿ. ಬ-ಭ ಎರಡೂ ಒಂದೇ ಥರ ಕಾಣತೊಡಗಿದರೆ ಅತಿಯಾಯಿತು, ಹಿಂದಕ್ಕೆ ಬನ್ನಿ.

ಮತ್ತೆ ಪಿಡಿಎಫ್ ಕಟ್ಟುವಾಗ ಕುಗ್ಗಿಸುವ ಬಗೆಯಾಗಿ ಸಿಸಿಐಟಿಟಿ ಗ್ರೂಪ್ 4 ಆರಿಸಿ. ಜೆಬಿಗ್2 ಬಳಸುವುದಾದರೆ ನಷ್ಟರಹಿತ ಬಗೆಯಲ್ಲಿ ಮಾತ್ರ. ಅದರ ನಷ್ಟಸಹಿತ ಬಗೆ ಒಂದೇ ರೀತಿ ಕಾಣುವ ಆಕೃತಿಗಳನ್ನು ಒಂದೇ ಎಂದು ಎಣಿಸಿ ಒಂದರ ಜಾಗದಲ್ಲಿ ಇನ್ನೊಂದನ್ನು ಅಚ್ಚೊತ್ತುತ್ತದೆ. ಕನ್ನಡದಲ್ಲಿ ಪ ಇದ್ದಲ್ಲಿ ಫ ಬಂದರೆ ಓದುಗರಿಗೆ ಅದು ತಪ್ಪೆಂದು ತಿಳಿಯುವ ದಾರಿಯೇ ಇರುವುದಿಲ್ಲ.

ಹುಡುಕಲು ಅನುಕೂಲವಾಗಲಿ ಎಂದರೆ ಚಿತ್ರದಲ್ಲಿನ ಅಕ್ಷರ ಗುರುತಿಸುವ ತಂತ್ರಾಂಶವಾದ ಟೆಸೆರಾಕ್ಟ್‌ನ ಕನ್ನಡ ಮಾದರಿ ಬಳಸಿ ಚಿತ್ರದ ಹಿಂದೆ ಅಕ್ಷರ ಪದರ ಸೇರಿಸಿ. ಅದನ್ನು ಹುಡುಕಾಟಕ್ಕಷ್ಟೇ ನಂಬಿ. ಹಳೆಯ ಮೊಳೆ ಅಚ್ಚಿನಲ್ಲಿ ಒತ್ತಕ್ಷರ ತಪ್ಪಾಗಿ ಗುರುತಾಗುವುದು ಹೆಚ್ಚು, ತಿದ್ದದೆ ಅದನ್ನೇ ಇಪಬ್ ಮಾಡಿ ಹಂಚಬೇಡಿ.

ಕಡೆಗೆ ಕೋರೀಡರ್‌ನಲ್ಲಿ ತೆರೆದು ಪುಟವನ್ನು ಪಠ್ಯದ ಅಗಲಕ್ಕೆ ಹೊಂದಿಸಿ, ಕಾಂಟ್ರಾಸ್ಟ್ ಒಂದೆರಡು ಹಂತ ಏರಿಸಿ.

ಪುಟತಿರುವಿ:
ಸ್ಕ್ಯಾನ್ ಆದ ಮೇಲೆ ಮೂಲ ಪುಸ್ತಕವನ್ನು ವಿಲೇವಾರಿ ಮಾಡಬಹುದೇ? ಒಂದೆರಡರಲ್ಲಿ ಹುಳು ಓಡಾಡುತ್ತಿದೆ.

ಹೊಲಿಗೆಬೆನ್ನು:
ದಯವಿಟ್ಟು ಬೇಡ. ಮಹಾಪ್ರಾಣದ ಸೀಳು ಸ್ಕ್ಯಾನ್‌ನಲ್ಲಿ ಅಳಿಸಿದ್ದರೆ ಮತ್ತೆ ನೋಡಬೇಕಾದದ್ದು ಆ ಪುಸ್ತಕವನ್ನೇ. ಹುಳುವಿಗೆ ಔಷಧ ಸಿಂಪಡಿಸಬೇಡಿ, ಕಾಗದ ಕಲೆಯಾಗುತ್ತದೆ. ಪುಸ್ತಕವನ್ನು ಪಾಲಿಥೀನ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಬಿಗಿಯಾಗಿ ಮುಚ್ಚಿ, ಮೈನಸ್ 20 ಡಿಗ್ರಿಯ ಫ್ರೀಜರ್‌ನಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ ಚೀಲವನ್ನು 24 ಗಂಟೆ ತೆರೆಯಬಾರದು. ತಣ್ಣಗಿನ ಕಾಗದಕ್ಕೆ ಕೋಣೆಯ ಗಾಳಿ ತಾಗಿದರೆ ನೀರು ಹನಿಗಟ್ಟುತ್ತದೆ, ಅದು ಚೀಲದ ಹೊರಮೈ ಮೇಲೆ ಆಗಲಿ. ಆಮೇಲೆ ಮೆತ್ತನೆಯ ಕುಂಚದಿಂದ ಬೆನ್ನಿನ ಸಂದಿಯಿಂದ ಹೊರಕ್ಕೆ ಗುಡಿಸಿ, ಎರಡು ವಾರ ಬೇರೆ ಕಪಾಟಿನಲ್ಲಿ ಬಿಳಿ ಕಾಗದದ ಮೇಲೆ ಇಟ್ಟು ನೋಡಿ. ಕಾಗದದ ಮೇಲೆ ಹೊಸದಾಗಿ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಮತ್ತೊಂದು ವಾರ ಫ್ರೀಜರ್‌ಗೆ ಹಾಕಬೇಕು.